ಏರಿಯ ಮೇಲಿನ ಗರಸು

ಗರಸಿನ ಮೇಲೆ ಸೈಕಲ್ ಉರುಳುವಾಗ ಒಂದು ಸದ್ದು ಬರುತ್ತದೆ. ಪಕ್ಕದ ಕೋಣೆಯಲ್ಲಿ ಯಾರೋ ಹುರಿಗಡಲೆ ಅಗಿಯುತ್ತಾ ಕೂತ ಹಾಗೆ. ಟಾರು ರಸ್ತೆಯಲ್ಲಿ ಈ ಸದ್ದಿಲ್ಲ. ಅಲ್ಲಿ ಕೇಳುವುದು ಬೆನ್ನ ಹಿಂದಿನ ಹಾರನ್ನು, ಪಕ್ಕದಲ್ಲಿ ಉಜ್ಜಿಕೊಂಡು ಹೋಗುವ ಬಸ್ಸಿನ ಉಸಿರು. ವಾರದ ಆರು ದಿನ ನಾನೂ ಆ ಗದ್ದಲದೊಳಗೇ ಬದುಕುವವನು. ಭಾನುವಾರ ನಸುಕಿನಲ್ಲಿ ಚಾಮರಾಜಪೇಟೆಯ ಮನೆಯ ಮೆಟ್ಟಿಲುಗಳಿಂದ ಸೈಕಲ್ಲನ್ನು ಎತ್ತಿ ಇಳಿಸಿ ಹೊರಟರೆ, ಒಂದೂವರೆ ಗಂಟೆಯ ನಂತರ ಆ ಹುರಿಗಡಲೆ ಸದ್ದು ಕಿವಿಗೆ ಬೀಳುತ್ತದೆ. ನನ್ನ ಭಾನುವಾರ ಶುರುವಾಗುವುದು ಆಗ.

ಗರಸು ನಮ್ಮ ಸೀಮೆಯ ಮಣ್ಣು. ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲಿನ ಸಣ್ಣ ಚೂರುಗಳು ಬೆರೆತಿರುತ್ತವೆ. ಮನೆ ಕಟ್ಟುವವರು ತಳಪಾಯ ತುಂಬಲು ಲೋಡುಗಟ್ಟಲೆ ತರಿಸುತ್ತಾರೆ, ಹಳ್ಳಿಗಳಲ್ಲಿ ಗಾಡಿ ದಾರಿಗೆ ಹರಡುತ್ತಾರೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ಹೊತ್ತು ನಿಂತಿದೆಯಲ್ಲ, ಆ ಬಂಡೆಗೆ 300 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ ಭೂವಿಜ್ಞಾನಿಗಳು. ಅಂಥ ಕಲ್ಲೇ ಮಳೆಗೆ ಬಿಸಿಲಿಗೆ ಸಿಕ್ಕು, ಮೆತ್ತಗಾಗಿ, ಪುಡಿಯಾಗಿ, ಗಟ್ಟಿಯಾದ ಬೆಣಚು ಮಾತ್ರ ಚೂರಾಗಿ ಉಳಿದುಕೊಂಡದ್ದು ಗರಸು. ಇದರ ಗುಣ ಏನೆಂದರೆ, ನೀರು ನಿಲ್ಲುವುದಿಲ್ಲ, ತುಳಿದಷ್ಟೂ ಗಟ್ಟಿಯಾಗುತ್ತದೆ. ದನಗಳ ಕಾಲು, ಜನಗಳ ಕಾಲು, ಎತ್ತಿನ ಗಾಡಿ ಓಡಾಡಿದ ಗರಸಿನ ದಾರಿಯಂಥ ದಾರಿ ಸೈಕಲ್ಲಿಗೆ ಬೇರೆ ಇಲ್ಲ. ಟೈರು ಅದರಲ್ಲಿ ಹೂತುಕೊಳ್ಳುವುದಿಲ್ಲ, ಜಾರುವುದೂ ಇಲ್ಲ. ಒಂದಿಷ್ಟು ಒಳಗೆ ಒತ್ತಿಕೊಂಡು, ಹಿಡಿದುಕೊಂಡು, ಬಿಟ್ಟು, ಮುಂದೆ ಹೋಗುತ್ತದೆ.

ನಾನು ಸೈಕಲ್ ಕಲಿತದ್ದೂ ಇಂಥ ಮಣ್ಣಿನ ಮೇಲೆಯೇ, ಕೆಂಪಾಂಬುಧಿ ಕೆರೆಯ ಏರಿಯಲ್ಲಿ. ಎಪ್ಪತ್ತರ ದಶಕದ ಕೊನೆ. ಅಪ್ಪನದು ಕಪ್ಪು ಹರ್ಕ್ಯುಲಿಸ್ ಸೈಕಲ್ಲು. ನನಗೆ ಸೀಟು ಎಟುಕುತ್ತಿರಲಿಲ್ಲವಾದ್ದರಿಂದ ಬಾರಿನ ಕೆಳಗೆ ಕಾಲು ತೂರಿಸಿ ಒಳ ಪೆಡಲು. ಅಪ್ಪ ಕ್ಯಾರಿಯರು ಹಿಡಿದು ಹಿಂದೆ ಓಡಿ ಬರುತ್ತಿದ್ದರು. ಅದು ಕೆಂಪೇಗೌಡರು ಕಟ್ಟಿಸಿದ ಕೆರೆ, ಅವರ ಮನೆದೇವತೆ ಕೆಂಪಮ್ಮನ ಹೆಸರಿನದು. ಒಂದು ಕಡೆ ಗವಿ ಗಂಗಾಧರೇಶ್ವರನ ಗುಡಿ, ಇನ್ನೊಂದು ಕಡೆ ಗೌಡರ ನಾಲ್ಕು ಗಡಿ ಗೋಪುರಗಳಲ್ಲಿ ಒಂದು. ಗೋಪುರದ ಕಡೆಗೆ ನೆಲ ಸ್ವಲ್ಪ ಏರುತ್ತಿತ್ತು. ನಾನು ಅತ್ತಲೇ ಹ್ಯಾಂಡಲು ತಿರುಗಿಸಿ, ಪೆಡಲು ತಿರುಗದೆ ನಿಂತು, ಬೀಳುತ್ತಿದ್ದೆ. ಮೂರು ಸಲ ಬಿದ್ದ ಮೇಲೆ ಅಪ್ಪ ಹೇಳಿದರು: “ನೀರು ಯಾವತ್ತಾದ್ರೂ ಏರು ಹತ್ತುತ್ತೇನೋ? ನೀರು ಎಲ್ಲಿ ಹೋಗತ್ತೋ ಅಲ್ಲಿ ಹೋಗು.”

ಮಗುವಿಗೆ ಬ್ಯಾಲೆನ್ಸು ಕಲಿಸಲು ಹೇಳಿದ ಮಾತು ಅದು. ನಲವತ್ತೈದು ವರ್ಷದಿಂದ ನಾನು ಅದನ್ನೇ ದಾರಿ ಹುಡುಕುವ ಸೂತ್ರವಾಗಿ ಇಟ್ಟುಕೊಂಡಿದ್ದೇನೆ. ವಾಹನವಿಲ್ಲದ ಮಣ್ಣಿನ ದಾರಿ ಬೆಂಗಳೂರಿನ ಸುತ್ತ ಎಲ್ಲಿದೆ ಅಂತ ಕೇಳುವ ಗೆಳೆಯರಿಗೆಲ್ಲ ಹೇಳುವುದು ಇಷ್ಟೇ: ನೀರು ಹಿಡಿದು ಹೋಗಿ. ಕೆರೆಯ ಏರಿ, ತೂಬಿನ ಕೆಳಗಿನ ಕಾಲುವೆ, ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಯ ಅಂಗಳಕ್ಕೆ ಹೋಗುವ ಹಳ್ಳ, ಇವುಗಳ ಪಕ್ಕದಲ್ಲಿ ಯಾವಾಗಲೂ ಒಂದು ಕಾಲುದಾರಿ ಇರುತ್ತದೆ. ನೀರುಗಂಟಿ ಓಡಾಡಿದ ದಾರಿ, ಕುರಿ ಮೇಯಿಸುವವರು ಓಡಾಡುವ ದಾರಿ. ಅಲ್ಲಿ ಲಾರಿ ಬರುವುದಿಲ್ಲ, ಯಾಕೆಂದರೆ ಅಲ್ಲಿ ಲಾರಿಗೆ ಕೆಲಸವಿಲ್ಲ.

ಊರೊಳಗೆ ಈ ಸೂತ್ರ ನಡೆಯುವುದಿಲ್ಲ. ನೀರಿನ ದಾರಿಗಳ ಮೇಲೆ ನಾವು ಬೇರೆ ಏನೇನೋ ಕಟ್ಟಿಕೊಂಡಿದ್ದೇವೆ. ಆದರೆ ತೊಡೆಗಳಿಗೆ ನೆಲದ ನೆನಪು ಹೋಗುವುದಿಲ್ಲ. ಕಾಟನ್‌ಪೇಟೆ ಹಾದು ಮೆಜೆಸ್ಟಿಕ್ಕಿಗೆ ಬರುವಾಗ ಪೆಡಲು ತುಳಿಯದೆಯೇ ಸೈಕಲ್ ಇಳಿಯುತ್ತದೆ. ಶೇಷಾದ್ರಿಪುರದ ಕಡೆ ತಿರುಗಿದ ಕೂಡಲೇ ಮತ್ತೆ ಏರು. ಬಸ್ಸಿನಲ್ಲಿ ಕೂತವರಿಗೆ ಇದು ತಿಳಿಯುವುದಿಲ್ಲ. ಆ ತಗ್ಗು ಧರ್ಮಾಂಬುಧಿ ಕೆರೆಯದು. ಕೆರೆ ಹೋಗಿ ಬಸ್ ನಿಲ್ದಾಣ ಬಂದರೂ ಇಳಿಜಾರು ಹಾಗೇ ಉಳಿದಿದೆ. ದೊಡ್ಡ ಮಳೆ ಬಂದ ರಾತ್ರಿ ನೀರು ಅಲ್ಲಿಗೇ ಹುಡುಕಿಕೊಂಡು ಬರುತ್ತದೆ. ಸಂಪಂಗಿ ಕೆರೆಯದೂ ಇದೇ ಕಥೆ. ಅಲ್ಲೀಗ ಕಂಠೀರವ ಕ್ರೀಡಾಂಗಣವಿದೆ, ಕರಗದ ಪೂಜೆಗೆಂದು ಒಂದು ಪುಟ್ಟ ಕೊಳ ಉಳಿದಿದೆ. ಬಸವನಗುಡಿಯಲ್ಲಿ ಕಾರಂಜಿ ಆಂಜನೇಯನ ಗುಡಿಗೆ ದಿನವೂ ಜನ ಹೋಗುತ್ತಾರೆ, ಕಾರಂಜಿ ಕೆರೆ ಎಲ್ಲಿ ಎಂದು ಕೇಳುವವರಿಲ್ಲ. ನನಗೆ ಇದನ್ನೆಲ್ಲ ಹೇಳುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸೈಕಲ್ ಹೊಡೆಯುವವನಿಗೆ ಕೆರೆಯ ಸಾವು ಓದಿ ತಿಳಿಯುವುದಲ್ಲ, ಮೈಯಲ್ಲಿ ತಿಳಿಯುವುದು.

ಬೆಂಗಳೂರು ದಿಣ್ಣೆಯ ಮೇಲಿನ ಊರು, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಗೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ನಮ್ಮ ಕಡೆಯ ನೀರೆಲ್ಲ ಪಶ್ಚಿಮದ ಪಾಲು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆ ಎಂಬ ನಂಬಿಕೆಯಿದೆ. ಮಲ್ಲೇಶ್ವರದವರು ಕಾಡುಮಲ್ಲೇಶ್ವರನ ಎದುರಿನ ನಂದಿತೀರ್ಥವೇ ಅವಳ ಮೂಲ ಎನ್ನುತ್ತಾರೆ. ನನಗೆ ಎರಡರಲ್ಲೂ ತಕರಾರಿಲ್ಲ. ಎರಡು ಬಸವಗಳ ಹತ್ತಿರದಿಂದ ಹೊರಟ ನೀರೂ ಕೊನೆಗೆ ಕೆಂಗೇರಿ, ಬೈರಮಂಗಲ ದಾಟಿ, ಕನಕಪುರದ ಕಡೆ ಅರ್ಕಾವತಿ ಸೇರುತ್ತದೆ. ಆ ದಾರಿಯಲ್ಲಿ ಒಮ್ಮೆ ಸೈಕಲ್ಲಿನಲ್ಲಿ ಹೋದೆ. ಬೈರಮಂಗಲದ ಹತ್ತಿರ ನೊರೆ ಕಂಡು ಹಿಂತಿರುಗಿದೆ. ಮತ್ತೆ ಹೋಗುವ ಮನಸ್ಸಾಗಿಲ್ಲ.

ಆದ್ದರಿಂದ ನಾನು ನೀರು ಬಂದ ದಿಕ್ಕಿಗೆ ಹೋಗುತ್ತೇನೆ, ಹೆಸರಘಟ್ಟಕ್ಕೆ.

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ, ನಮ್ಮ ಈ ಮೂರೂ ಬಡಾವಣೆಗಳು ಆ ಊರಿನ ನೀರು ಕುಡಿದು ಬೆಳೆದವು. ಚಾಮರಾಜಪೇಟೆ ಆದದ್ದು 1892ರಲ್ಲಿ. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟು ಬಿಟ್ಟು ಜನ ಬಸವನಗುಡಿಗೆ, ಮಲ್ಲೇಶ್ವರಕ್ಕೆ ಬಂದರು. ಇದರ ನಡುವೆ 1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಹೆಸರಘಟ್ಟದಲ್ಲಿ ಅರ್ಕಾವತಿಗೆ ಅಡ್ಡವಾಗಿ ಕೆರೆ ಕಟ್ಟಿ ಊರಿಗೆ ನೀರು ತಂದರು. ಕೆರೆಯಿಂದ ತರಬನಹಳ್ಳಿಯವರೆಗೆ ಇಟ್ಟಿಗೆಯ ಮುಚ್ಚು ಕಾಲುವೆ. ಅದರಲ್ಲಿ ನೀರು ಯಾರೂ ದೂಡದೆ ತಾನೇ ಇಳಿದು ಬರುತ್ತಿತ್ತು. ಅಲ್ಲಿಂದಾಚೆ ಊರು ಎತ್ತರದಲ್ಲಿ ಇರುವುದರಿಂದ ಸೋಲದೇವನಹಳ್ಳಿಯಲ್ಲಿ ಉಗಿ ಎಂಜಿನ್ನು ಕೂರಿಸಿ ಮಲ್ಲೇಶ್ವರದ ಕಡೆಗೆ ಎತ್ತುತ್ತಿದ್ದರು. ಮಲ್ಲೇಶ್ವರದ ಹಳಬರು ಈಗಲೂ ಜ್ಯೂಯೆಲ್ ಫಿಲ್ಟರ್ಸ್ ಎನ್ನುವ ಜಾಗ ಆ ನೀರು ಬಂದು ಶುದ್ಧವಾಗುತ್ತಿದ್ದ ಜಾಗ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂತು, 1974ರಲ್ಲಿ ಕಾವೇರಿ ನೀರು ಬಂತು. ಹೆಸರಘಟ್ಟವನ್ನು ಊರು ಮರೆಯಿತು.

ನಾನು ಐದು ಗಂಟೆಗೆ ಹೊರಡುತ್ತೇನೆ. ಮಲ್ಲೇಶ್ವರ ಹಾಯುವಾಗ ಎಂಟನೇ ಕ್ರಾಸಿನಲ್ಲಿ ಹೂವಿನವರು ಮೂಟೆ ಬಿಚ್ಚುತ್ತಿರುತ್ತಾರೆ. ಸೇವಂತಿಗೆಯ ವಾಸನೆ ಸಂಪಿಗೆ ರಸ್ತೆಯುದ್ದಕ್ಕೂ ಹಿಂಬಾಲಿಸುತ್ತದೆ. ಸ್ಯಾಂಕಿ ಕೆರೆಯ ಕಡೆ ಒಂದು ನಿಮಿಷ ಸೈಕಲ್ ಒರಗಿಸಿ ಕಂಬಿಯಾಚೆ ನೋಡುವುದುಂಟು. 1882ರಲ್ಲಿ ಕರ್ನಲ್ ಸ್ಯಾಂಕಿ ಕಟ್ಟಿಸಿದ್ದು. ಪಕ್ಕದಲ್ಲೇ ಸರ್ಕಾರದ ಗಂಧದಕೋಟಿ ಇದ್ದುದರಿಂದ ಗಂಧದಕೋಟಿ ಕೆರೆ ಅಂತಲೂ ಕರೆಯುತ್ತಿದ್ದರು, ನನಗೆ ಆ ಹೆಸರೇ ಇಷ್ಟ. ಅದು ನಡೆಯುವವರ ಕೆರೆ, ಅಲ್ಲಿ ಸೈಕಲ್ಲಿಗೆ ಕೆಲಸವಿಲ್ಲ. ಯಶವಂತಪುರ, ಜಾಲಹಳ್ಳಿ, ಚಿಕ್ಕಬಾಣಾವರ ಇವನ್ನೆಲ್ಲ ಬೆಳಕು ಹರಿಯುವ ಮುಂಚೆ ದಾಟಿಬಿಡಬೇಕು, ಅದರ ಬಗ್ಗೆ ಹೇಳುವುದಕ್ಕೇನೂ ಇಲ್ಲ.

ಸೋಲದೇವನಹಳ್ಳಿ ಕಳೆದ ಮೇಲೆ ಮಾತು ಬೇರೆ. ಅಲ್ಲಿಂದ ಮುಂದೆ ಟಾರು ರೋಡು ಬಿಟ್ಟು, ಹೊಲಗಳ ನಡುವಿನ ಮಣ್ಣಿನ ದಾರಿ ಹಿಡಿಯುತ್ತೇನೆ. ಅಲ್ಲಲ್ಲಿ ಗಿಡಗಂಟಿಯ ನಡುವೆ ಹಳೇ ಇಟ್ಟಿಗೆ ಕಾಲುವೆಯ ಬೆನ್ನು ಕಾಣಿಸುತ್ತದೆ. ಕಮಾನಿನ ಆಕಾರ, ಕೆಲವು ಕಡೆ ಇಟ್ಟಿಗೆ ಉದುರಿ ಒಳಗಿನ ಕತ್ತಲು ಕಾಣುತ್ತದೆ. ಅದರ ಪಕ್ಕದಲ್ಲಿ ಹೋಗುವುದು ನನಗೆ ಬಹಳ ಪ್ರೀತಿ. ನೀರು ಇಳಿದು ಬರಲಿ ಅಂತ ಯಾರೋ ನೆಲವನ್ನು ಅಷ್ಟು ನಾಜೂಕಾಗಿ ಅಳೆದಿದ್ದಾರೆ. ನೂರಾರು ಅಡಿಗೆ ಎಷ್ಟೋ ಅಂಗುಲ ಇಳಿಜಾರು. ಆ ಇಳಿಜಾರನ್ನು ಎದುರು ದಿಕ್ಕಿನಲ್ಲಿ ಹತ್ತುವಾಗ ಹತ್ತುತ್ತಿದ್ದೇನೆ ಅಂತ ಗೊತ್ತೇ ಆಗುವುದಿಲ್ಲ. ಗೇರು ಬದಲಿಸುವುದೂ ಬೇಡ. ಉಸಿರು ಒಂದೇ ಸಮ. ನೂರಮೂವತ್ತು ವರ್ಷದ ಹಿಂದೆ ಮಟ್ಟಗೋಲು ಹಿಡಿದು ಬಿಸಿಲಲ್ಲಿ ನಿಂತಿದ್ದ ಆ ಮನುಷ್ಯ ನನ್ನ ಮಂಡಿಗೂ ಸೇರಿಸಿ ಲೆಕ್ಕ ಹಾಕಿದ್ದ ಅನ್ನಿಸುತ್ತದೆ.

ಆಮೇಲೆ ಏರಿ.

ನಮ್ಮ ಬಯಲುಸೀಮೆಯಲ್ಲಿ ತಾನಾಗಿ ಹುಟ್ಟಿದ ಸರೋವರಗಳಿಲ್ಲ. ಎಲ್ಲ ಕೆರೆಗಳೂ ಮನುಷ್ಯರು ಹಳ್ಳಕ್ಕೆ ಅಡ್ಡ ಕಟ್ಟಿ ಮಾಡಿಕೊಂಡವು. ಹಾಗಾಗಿ ಯಾವ ಕೆರೆಯನ್ನು ಸುತ್ತಿದರೂ ದಾರಿಗೆ ಎರಡು ಮುಖ. ಒಂದು ಮುಖ ಏರಿ: ಎತ್ತರ, ನೇರ, ಗಟ್ಟಿ, ಎಡಕ್ಕೆ ನೀರು, ಬಲಕ್ಕೆ ಕೆಳಗೆ ಅಚ್ಚುಕಟ್ಟಿನ ಗದ್ದೆ ತೋಟ. ಇನ್ನೊಂದು ಮುಖ ಅಂಗಳ: ತಗ್ಗು, ವಕ್ರ, ಮೆತ್ತನೆಯದು, ಎಲ್ಲಿ ನೀರು ಮುಗಿದು ನೆಲ ಶುರುವಾಯಿತು ಅಂತ ಹೇಳಲಾಗದ್ದು. ಜಪಾನಿನ ಬಿವಾ ಸರೋವರದ ಸುತ್ತ ಸುಮಾರು 200 ಕಿಲೋಮೀಟರ್ ಸೈಕಲ್ ದಾರಿಯಿದೆ. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ದೇಶ ಮುಟ್ಟುವ ಕಾನ್‌ಸ್ಟನ್ಸ್ ಸರೋವರದ ಸುತ್ತ ಅದಕ್ಕೂ ಉದ್ದದ್ದು. ಒಂದೇ ನೀರನ್ನು ದಿನಗಟ್ಟಲೆ ಸುತ್ತುವ ಸುಖ ಅವರದು. ನಮ್ಮದು ಸರಪಳಿ. ಹೆಸರಘಟ್ಟದ ಏರಿಯಿಂದ ಬ್ಯಾತ, ಅಲ್ಲಿಂದ ಕಾಕೋಳು, ಹೀಗೆ ಒಂದರ ಕೋಡಿ ಇನ್ನೊಂದರ ಬಾಯಿಗೆ. ನಲವತ್ತು ಕಿಲೋಮೀಟರ್ ಸುತ್ತಿದರೆ ಐದಾರು ಕೆರೆ, ಐದಾರು ಊರು, ಪ್ರತಿಯೊಂದು ಏರಿಯ ಮೇಲೂ ಒಂದು ಗಂಗಮ್ಮನ ಕಲ್ಲು, ಒಂದು ಹೊಂಗೆ ಮರ, ಮರದ ಕೆಳಗೆ ಮಾತಾಡಿಸುವ ಒಬ್ಬ ಮುದುಕ. ನನಗೆ ಯಾವುದು ಬೇಕು ಅಂತ ಕೇಳಿದರೆ ನಮ್ಮದೇ ಬೇಕು.

ಹೆಸರಘಟ್ಟದ ಏರಿ ಒಂದು ಕಿಲೋಮೀಟರಿಗೂ ಉದ್ದ. ಅದರ ಮೇಲೆ ಬೆಳಗಿನ ಏಳು ಗಂಟೆಗೆ ಗಾಳಿ ಪಕ್ಕದಿಂದ ಬರುತ್ತದೆ. ಕೆರೆಯ ಕಡೆ ಬಾಗಿಕೊಂಡೇ ಸೈಕಲ್ ಹೊಡೆಯಬೇಕು. ಎಷ್ಟೋ ವರ್ಷ ಆ ಕಡೆ ನೋಡಿದರೆ ಜಾಲಿಯೂ ಒಣಹುಲ್ಲೂ ಮಾತ್ರ ಇದ್ದವು. 2022ರ ದೊಡ್ಡ ಮಳೆಗೆ ಅಂಗಳದಲ್ಲಿ ನೀರು ನಿಂತಿತು. ಆ ಅಕ್ಟೋಬರಿನಲ್ಲಿ ಏರಿ ಹತ್ತಿದವನು ಸೈಕಲ್ಲಿಂದ ಇಳಿದು ಹಾಗೇ ನಿಂತುಬಿಟ್ಟೆ. ಹಳ್ಳಿಯ ಹೆಂಗಸರು ಅರಿಶಿನ ಕುಂಕುಮ ತಂದಿದ್ದರು. ಒಬ್ಬಾಕೆ ಬಾಗಿನದ ಮೊರ ಕೆಳಗಿಟ್ಟು, ಮೊದಲು ನೀರಿಗೆ ಕೈಮುಗಿದು, ಆಮೇಲೆ ಏನು ತೋಚಿತೋ, ಪಕ್ಕದಲ್ಲಿ ನಿಂತ ನನ್ನ ಸೈಕಲ್ಲಿನ ಹ್ಯಾಂಡಲಿಗೂ ಒಂದು ಬೊಟ್ಟು ಕುಂಕುಮ ಇಟ್ಟರು. ಮಳೆಗೆ ಅದು ಹೋಗುವವರೆಗೆ ನಾನಾಗಿ ಒರೆಸಲಿಲ್ಲ.

ಮಣ್ಣಿನ ದಾರಿಯ ಸೈಕಲ್ಲಿಗೆ ಇಂಗ್ಲಿಷಿನಲ್ಲಿ ಗ್ರಾವೆಲ್ ಬೈಕ್ ಅನ್ನುತ್ತಾರೆ. ಈಗ ಹತ್ತು ಹದಿನೈದು ವರ್ಷದಿಂದ ಪ್ರಪಂಚದಲ್ಲೆಲ್ಲ ಅದರದೇ ಮಾತು. ನನ್ನ ಸೈಕಲ್ಲೂ ಅದೇ ಜಾತಿಯದು, ಟೈರಿನ ಅಗಲ 40 ಮಿಲಿಮೀಟರ್. ಕೊಂಡ ದಿನ ಮನೆಗೆ ತಂದು ಅಪ್ಪನ ಹರ್ಕ್ಯುಲಿಸ್ ಪಕ್ಕದಲ್ಲಿ ನಿಲ್ಲಿಸಿ ನೋಡಿದೆ. ಹರ್ಕ್ಯುಲಿಸ್ ಟೈರಿನ ಮೇಲೆ 28 ಇಂಚು, ಒಂದೂವರೆ ಇಂಚು ಅಂತ ಅಚ್ಚಾಗಿದೆ. ಒಂದೂವರೆ ಇಂಚು ಅಂದರೆ 38 ಮಿಲಿಮೀಟರ್. ಹೊಸದೆಂದು ಪ್ರಪಂಚ ಕಂಡುಕೊಂಡ ಅಗಲ ನಮ್ಮ ಹಾಲಿನವರಿಗೂ ಪೋಸ್ಟ್‌ಮ್ಯಾನ್‌ಗಳಿಗೂ ಮೊದಲಿಂದಲೇ ಗೊತ್ತಿತ್ತು. ಎರಡು ಕಡೆ ಕ್ಯಾನು ನೇತುಹಾಕಿಕೊಂಡು, ಒಂದು ತೊಟ್ಟೂ ಚೆಲ್ಲದೆ, ಕತ್ತಲಲ್ಲಿ ಏರಿಯ ಮೇಲೆ ಬರುವ ಹಾಲಿನವರನ್ನು ಈಗಲೂ ಕಾಣುತ್ತೇನೆ. ಅವರನ್ನು ನೋಡಿಯೇ ನಾನು ಮಣ್ಣಿನಲ್ಲಿ ಹೇಗೆ ಹೊಡೆಯಬೇಕೆಂದು ಕಲಿತದ್ದು. ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುವುದಿಲ್ಲ ಅವರು. ಎರಡು ಬೆರಳು ಬ್ರೇಕಿನ ಮೇಲೆ, ಅಂಗೈ ಸಡಿಲ. ಸೈಕಲ್ಲು ಆಚೀಚೆ ಅಲುಗಿದರೆ ಅಲುಗಲು ಬಿಡುತ್ತಾರೆ. ಕಣ್ಣು ಚಕ್ರದ ಮುಂದೆ ಇರುವುದಿಲ್ಲ, ಇಪ್ಪತ್ತು ಗಜ ಮುಂದಿರುತ್ತದೆ. ಗರಸಿನಲ್ಲಿ ಮುಂದಿನ ಬ್ರೇಕು ಹಿಡಿಯುವುದು ತೀರಾ ಕಡಿಮೆ. ಹಿಡಿದರೆ ಚಕ್ರ ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ.

ಗಾಳಿಯ ವಿಷಯದಲ್ಲಿ ನನಗೊಬ್ಬ ಗುರು ಇದ್ದರು, ನಮ್ಮ ಬೀದಿಯ ಬಾಡಿಗೆ ಸೈಕಲ್ ಅಂಗಡಿಯ ಯಜಮಾನರು. ಈಗ ಅವರೂ ಇಲ್ಲ, ಅಂಗಡಿಯೂ ಇಲ್ಲ. ಗಂಟೆ ಲೆಕ್ಕದಲ್ಲಿ ಸೈಕಲ್ ಕೊಡುತ್ತಿದ್ದರು, ರಟ್ಟಿನ ಪುಸ್ತಕದಲ್ಲಿ ಹೊರಟ ಹೊತ್ತು ಬರೆದುಕೊಂಡು. ಪಂಪು ಹೊಡೆದ ಮೇಲೆ ಹೆಬ್ಬೆರಳಿನಿಂದ ಟೈರನ್ನು ಒತ್ತಿ ನೋಡುತ್ತಿದ್ದರು. “ಟಾರಿಗೆ ಕಲ್ಲಿನಂಗೆ, ಮಣ್ಣಿಗೆ ಮಾಗಿದ ಸೀಬೆಹಣ್ಣಿನಂಗೆ.” ಈಗ ನನ್ನ ಪಂಪಿಗೆ ಮೀಟರಿದೆ. ಏರಿಗೆ ಹೊರಡುವ ದಿನ 35 ಪೌಂಡಿಗೆ ನಿಲ್ಲಿಸುತ್ತೇನೆ. ಆದರೂ ಮೀಟರು ನೋಡಿದ ಮೇಲೆ ಹೆಬ್ಬೆರಳಲ್ಲಿ ಒಂದು ಸಲ ಒತ್ತಿ, ಸೀಬೆಹಣ್ಣು ಹೌದೋ ಅಲ್ಲವೋ ನೋಡಿಕೊಂಡೇ ಹೊರಡುವುದು. ಗಾಳಿ ಜಾಸ್ತಿಯಾದರೆ ಪ್ರತಿ ಬೆಣಚುಕಲ್ಲೂ ಮೊಣಕೈಗೆ ಬಂದು ಬಡಿಯುತ್ತದೆ, ಕಡಿಮೆಯಾದರೆ ರಿಮ್ಮು ಬಡಿಯುತ್ತದೆ. ಸರಿಯಾಗಿದ್ದರೆ ಟೈರು ಕಲ್ಲನ್ನು ನುಂಗಿ ಹೊರಗೆ ಹಾಕುತ್ತದೆ. ಒಂದೊಂದು ಸಲ ಚೂರು ಕಲ್ಲು ಪಕ್ಕಕ್ಕೆ ‘ಚಟ್’ ಅಂತ ಚಿಮ್ಮಿ ಕೆರೆಗೆ ಬೀಳುತ್ತದೆ. ಆ ‘ಚಟ್’ ಆದ ಮೇಲೆ ‘ಬುಳಕ್’ ಕೇಳಿಸಲಿ ಅಂತ ಕಾಯುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಬಳ್ಳಾರಿ ಜಾಲಿಯ ಮುಳ್ಳು ಮಾತ್ರ ಯಾವ ಗಾಳಿಗೂ ಬಗ್ಗುವುದಿಲ್ಲ. ಎಲ್ಲ ಏರಿಗಳಲ್ಲೂ ಅದು ಇದೆ. ಕಳೆದ ಕಾರ್ತಿಕದಲ್ಲಿ ಬ್ಯಾತದ ಹತ್ತಿರ ಹಿಂದಿನ ಚಕ್ರ ಕೂತಿತು. ಟೈರು ಬಿಚ್ಚಿ, ಟ್ಯೂಬು ಎಳೆದು, ಗಾಳಿ ಹೊಡೆದು ಕೆನ್ನೆಯ ಹತ್ತಿರ ಹಿಡಿದರೂ ತೂತು ಸಿಗಲಿಲ್ಲ, ಅಷ್ಟು ಸಣ್ಣದು. ಅಂಗಡಿಯಾದರೆ ಬಾಂಡಲಿಯಲ್ಲಿ ನೀರಿರುತ್ತದೆ. ನಾನು ತೂಬಿನ ಮೆಟ್ಟಿಲಿಳಿದು ಕೆರೆಯೊಳಗೇ ಟ್ಯೂಬು ಅದ್ದಿದೆ. ಚೂರು ಚೂರೇ ತಿರುಗಿಸುತ್ತಾ ಬಂದೆ. ಬೆಳಗಿನ ನೀರು ತಣ್ಣಗೆ, ಬಣ್ಣ ತೆಳು ಚಹಾದ್ದು, ತಳದ ಕಲ್ಲಿನ ಮೇಲಿನ ಪಾಚಿ ಕೂಡ ಕಾಣುತ್ತಿತ್ತು. ವಾಲ್ವಿನಿಂದ ಒಂದು ಗೇಣು ದೂರದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಒಂದು, ಆಮೇಲೆ ಇನ್ನೊಂದು, ಆಮೇಲೆ ದಾರ ಪೋಣಿಸಿದ ಹಾಗೆ ಸಾಲಾಗಿ. ಮೀನಿನ ಮರಿಗಳು ಗುಳ್ಳೆ ನೋಡಲು ಬಂದವು. ಅಲ್ಲಿ ಹೆಬ್ಬೆರಳು ಒತ್ತಿ ಹಿಡಿದು ಮೇಲೆ ಬಂದು, ಬಿಸಿಲಲ್ಲಿ ಒಣಗಿಸಿ, ಉಪ್ಪುಕಾಗದ ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಅಂಟಂಟಾಗುವವರೆಗೆ ಊದುತ್ತಾ ಕೂತೆ. ಪ್ಯಾಚು ಹಾಕುವಾಗ ಆತುರ ಮಾಡಬಾರದು ಅಂತ ಯಜಮಾನರು ಹೇಳುತ್ತಿದ್ದರು. ನಾನು ಮಾಡಲಿಲ್ಲ. ಆ ಪ್ಯಾಚು ಇನ್ನೂ ಹಿಡಿದಿದೆ.

ಮಣ್ಣಿಗೂ ಆತುರ ಆಗುವುದಿಲ್ಲ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಏರಿಯದು ಗರಸಾದರೆ ಅಂಗಳದ್ದು ಗೋಡು. ನೂರಾರು ವರ್ಷ ನೀರಿನ ಜೊತೆ ಹರಿದು ಬಂದು ತಳದಲ್ಲಿ ಕೂತ ನುಣುಪು ಮಣ್ಣು. ರೈತರು ಬೇಸಗೆಯಲ್ಲಿ ಗಾಡಿಗಟ್ಟಲೆ ಹೊಡೆದು ಹೊಲಕ್ಕೆ ಹಾಕುವುದು ಅದನ್ನೇ. ಒಣಗಿದಾಗ ಅದರ ಮೇಲೆ ಸೈಕಲ್ಲು ತೇಲುತ್ತದೆ, ಬಿರುಕು ನೋಡಿಕೊಂಡರೆ ಸಾಕು. ಒದ್ದೆಯಾದಾಗ ಹಿಡಿದರೆ ಬಿಡುವುದಿಲ್ಲ. ಒಂದು ವರ್ಷ ಹಸ್ತದ ಮಳೆ ನಿಂತ ಮಾರನೇ ದಿನವೇ ಹೋಗಿ ಅಂಗಳಕ್ಕೆ ಇಳಿದೆ. ಐವತ್ತು ಗಜದಲ್ಲಿ ಟೈರಿನ ಮೇಲೆ ಇನ್ನೊಂದು ಟೈರಿನಷ್ಟು ಮಣ್ಣು ಕೂತಿತು, ಚಕ್ರ ಫ್ರೇಮಿಗೆ ಸಿಕ್ಕಿಕೊಂಡು ಎರಡೂ ತಿರುಗದಾದವು. ಕಡ್ಡಿಯಿಂದ ಕೆರೆದೆ, ಕೈಯಲ್ಲಿ ಕಿತ್ತೆ, ಹೆಗಲ ಮೇಲೆ ಹೊತ್ತು ನಾಲ್ಕು ಹೆಜ್ಜೆ ಹೋದರೆ ಚಪ್ಪಲಿಯೂ ಹೋಯಿತು. ಗೇರು ಹಿಡಿದಿರುವ ಕೊಂಡಿ ಬಾಗಿತು. ಅಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ ಅಜ್ಜಿ ಬಹಳ ಹೊತ್ತು ನೋಡಿದಳು.

“ಕೆರೀಬ್ಯಾಡ ಸ್ವಾಮಿ. ಹಸಿ ಇದ್ದಾಗ ಬಿಡಾಕಿಲ್ಲ ಅದು. ಬಿಸ್ಲಿಗೆ ಇಕ್ಕು, ಒಣಗ್ಲಿ. ತಾನೇ ಉದುರ್ತೈತೆ.”

ಬಂಡೆಯ ಮೇಲೆ ಸೈಕಲ್ ಮಲಗಿಸಿ ಅಜ್ಜಿಯ ಪಕ್ಕದಲ್ಲಿ ಕೂತೆ. ಕುರಿಗಳ ಹೆಸರು ಹೇಳಿದಳು. ಕೆರೆ ತುಂಬಿದ್ದ ಕಾಲದಲ್ಲಿ ತೂಬು ಎತ್ತುವ ದಿನ ನೀರುಗಂಟಿ ತಮಟೆ ಹೊಡೆಸುತ್ತಿದ್ದ ಅಂದಳು. ಮುಕ್ಕಾಲು ಗಂಟೆ ಕಳೆದ ಮೇಲೆ ಸೈಕಲ್ ಎತ್ತಿ ನೆಲಕ್ಕೆ ಎರಡು ಸಲ ಕುಟ್ಟಿದೆ. ಮಣ್ಣು ಚಕ್ಕೆ ಚಕ್ಕೆಯಾಗಿ, ಟೈರಿನ ಅಚ್ಚಿನ ಸಮೇತ, ಚಕ್ಕುಲಿ ಮುರಿದ ಹಾಗೆ ಬಿದ್ದುಹೋಯಿತು. ಅವತ್ತಿನಿಂದ ಮಳೆ ನಿಂತ ಮೂರನೇ ದಿನಕ್ಕೆ ಮೊದಲು ಅಂಗಳಕ್ಕೆ ಇಳಿಯುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಸ್ವಾತಿ ಮಳೆ ಮುಗಿದ ಮೇಲಿನ ಒಂದೂವರೆ ತಿಂಗಳು. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಸುಮಾರಿಗೆ ದಾರಿಯ ಮಣ್ಣು ಹದವಾಗಿರುತ್ತದೆ, ಧೂಳು ಎದ್ದಿರುವುದಿಲ್ಲ, ರಾಗಿ ತೆನೆ ಬಾಗಿರುತ್ತದೆ. ಹಳ್ಳಿಯ ಕೆಲವು ದಾರಿಗಳಲ್ಲಿ ಕೊಯ್ದ ರಾಗಿಯನ್ನು ಹರಡಿರುತ್ತಾರೆ. ಅಂಥ ಕಡೆ ಇಳಿದು, ಸೈಕಲ್ ತಳ್ಳಿಕೊಂಡು ಅಂಚಿನಲ್ಲಿ ಹೋಗುವುದು ಮರ್ಯಾದೆ.

ಹೆಸರಘಟ್ಟ ಕೆರೆಯ ಆಚೆಗಿನ ಹುಲ್ಲುಗಾವಲಿನ ಬಗ್ಗೆಯೂ ನನಗೆ ಇದೇ ಅಭಿಪ್ರಾಯ. ಸುಮಾರು 5000 ಎಕರೆ. ಬೆಂಗಳೂರಿನ ಸುತ್ತ ಅಷ್ಟು ದೊಡ್ಡ ಬಯಲು ಬೇರೆ ಉಳಿದಿಲ್ಲ. ಚಳಿಗಾಲದಲ್ಲಿ ದೂರದ ದೇಶಗಳಿಂದ ಸೆಳೆವ ಹಕ್ಕಿಗಳು ಬರುತ್ತವೆ, ಹುಲ್ಲಿನ ತುದಿಗೆ ರೆಕ್ಕೆ ತಾಗುವಷ್ಟು ಕೆಳಗೆ ತೇಲುತ್ತಾ ಬೇಟೆ ಹುಡುಕುತ್ತವೆ. ಟಿಟ್ಟಿಭ, ಗೌಜಲ, ಬಾನಾಡಿ ನೆಲದಲ್ಲೇ ಮೊಟ್ಟೆಯಿಡುತ್ತವೆ. ಇಂಥ ಕಡೆ ಜೀಪು, ಬೈಕು ತಂದು ಚಕ್ರ ಗಿರಗಿರ ತಿರುಗಿಸುವವರನ್ನು ಕಂಡರೆ ನನಗೆ ತಡೆಯಲಾಗದ ಕೋಪ ಬರುತ್ತದೆ. ಸೈಕಲ್ಲೂ ಪೂರಾ ನಿರಪರಾಧಿಯಲ್ಲ. ನಾನು ಹಳೇ ಗಾಡಿ ಜಾಡು ಬಿಟ್ಟು ಒಂದಡಿಯೂ ಹುಲ್ಲಿಗೆ ಇಳಿಯುವುದಿಲ್ಲ. ಕನಕಪುರ ರಸ್ತೆಯ ತುರಹಳ್ಳಿ ಕಾಡಿಗೆ ಸೈಕಲ್ ಒಯ್ಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಆ ದಾರಿಗಳು ಬಹಳ ಚೆನ್ನಾಗಿವೆ, ನಿಜ. ಅವು ನವಿಲಿಗೆ ಇರಲಿ. ಕೆರೆಯ ಏರಿಯ ಮಾತು ಬೇರೆ. ಅದು ಮನುಷ್ಯರ ಕಾಲಿಗಾಗಿಯೇ ಆದ ದಾರಿ, ತುಳಿದಷ್ಟೂ ಏರಿ ಭದ್ರ. ಓಡಾಟ ನಿಂತ ಏರಿಯ ಮೇಲೆ ಮರದ ಬೇರು, ಇಲಿಯ ಬಿಲ ಸೇರಿ ನೀರು ಜಿನುಗಲು ಶುರುವಾಗುತ್ತದೆ. ಸೈಕಲ್ ಒಯ್ಯಬಹುದಾದ ಜಾಗಗಳಲ್ಲಿ ನಾನು ಹೋಗುವುದರಿಂದ ಒಳ್ಳೆಯದಾಗುವ ಜಾಗ ಏರಿಯೊಂದೇ, ಅದಕ್ಕೇ ಅಲ್ಲಿ ನನಗೆ ಅಷ್ಟು ನೆಮ್ಮದಿ.

ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಏರುತ್ತದೆ, ಗಾಳಿ ನಿಲ್ಲುತ್ತದೆ, ವಾಪಸು ಹೊರಡಬೇಕು. ಬರುವಾಗ ಊರಿನ ಕಡೆಗೆಲ್ಲ ಏರು. ಸೋಲದೇವನಹಳ್ಳಿಯಲ್ಲಿ ಉಗಿ ಎಂಜಿನ್ನು ಯಾಕೆ ಬೇಕಾಯಿತೆಂದು ಅಲ್ಲಿಂದ ಮುಂದೆ ಪ್ರತಿ ಪೆಡಲಿಗೂ ಗೊತ್ತಾಗುತ್ತದೆ. ಮಲ್ಲೇಶ್ವರ ಮುಟ್ಟುವಾಗ ಹಸಿವೆಯಲ್ಲಿ ಕೈ ನಡುಗುತ್ತಿರುತ್ತದೆ. ವೀಣಾ ಸ್ಟೋರ್ಸಿನ ಎದುರು ಫುಟ್‌ಪಾತಿನಲ್ಲಿ ನಿಂತು, ಎಲೆಯ ಮೇಲಿನ ಬಿಸಿ ಇಡ್ಲಿ ಚಟ್ನಿಯಲ್ಲಿ ಮುಳುಗಿಸಿ ತಿಂದ ಮೇಲೆಯೇ ಮೆಜೆಸ್ಟಿಕ್ಕಿನ ತಗ್ಗು ಇಳಿಯುವ ಧೈರ್ಯ. ಕೆಂಪು ಮಣ್ಣು ಮೆತ್ತಿದ ಸೈಕಲ್ಲು ನೋಡಿ ಜನ ಕೇಳುತ್ತಾರೆ, ಎಲ್ಲಿಗೆ ಹೋಗಿದ್ರಿ ಸಾರ್. ಹೆಸರಘಟ್ಟ ಅಂದರೆ, ಅಷ್ಟು ದೂರವಾ ಅನ್ನುತ್ತಾರೆ. ಮನೆಯಿಂದ ಅಲ್ಲಿಗೆ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ.

ಮನೆಯಲ್ಲಿ ಸೈಕಲ್ಲನ್ನು ಬಾವಿಕಟ್ಟೆಯ ಪಕ್ಕ ನಿಲ್ಲಿಸಿ ಅರ್ಧ ಬಕೆಟ್ ನೀರಿನಲ್ಲಿ ತೊಳೆಯುತ್ತೇನೆ. ಮೊದಲು ಚೈನು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ. ಆಮೇಲೆ ರಿಮ್ಮು. ಕೊನೆಗೆ ಫ್ರೇಮಿನ ಕೆಳಗೆ ಕೈ ಹಾಕಿದರೆ ಅಂಗೈ ಪೂರಾ ಕೆಂಪಾಗುತ್ತದೆ. ಕೆಂಪು ನೀರು ಅಂಗಳ ಇಳಿದು, ಬೀದಿಯ ಚರಂಡಿ ಹಿಡಿದು, ಕೆಂಪಾಂಬುಧಿಯ ಕಡೆಗೆ ಹೋಗುತ್ತದೆ. ಅಲ್ಲಿಂದ ವೃಷಭಾವತಿ, ಅಲ್ಲಿಂದ ಕೆಳಗೆ ಎಲ್ಲೋ ಅರ್ಕಾವತಿ. ಹೆಸರಘಟ್ಟದಲ್ಲಿ ಅರ್ಕಾವತಿಯಿಂದ ಎತ್ತಿಕೊಂಡು ಬಂದ ಮಣ್ಣು ಹೀಗೆ ಸುತ್ತು ಹೊಡೆದು ಅವಳನ್ನೇ ಸೇರುತ್ತದೆ.

ಅಮ್ಮ ವರಾಂಡದಲ್ಲಿ ಕೂತು ನೋಡುತ್ತಿರುತ್ತಾಳೆ. ಎಂಬತ್ತು ದಾಟಿದೆ. ಅವಳ ತವರು ಮಲ್ಲೇಶ್ವರ. ಪ್ರತಿ ಭಾನುವಾರ ಒಂದೇ ಪ್ರಶ್ನೆ: “ಇವತ್ತು ಯಾವ ಕೆರೆ ಮಣ್ಣೋ?”

ಹೆಸರಘಟ್ಟದ್ದು ಅಂದೆ ಮೊನ್ನೆ. ಅವಳು ಎದ್ದು ಬಂದು, ಗೋಡೆ ಹಿಡಿದು ಬಗ್ಗಿ, ಹರಿಯುವ ಕೆಂಪು ನೀರಿಗೆ ಎರಡು ಬೆರಳು ಅದ್ದಿದಳು.

“ನಮ್ಮನೇಲಿ ಹೆಸರಘಟ್ಟದ ನೀರು ಅಂತಲೇ ಅನ್ನೋದು. ನಲ್ಲಿ ಬಂದ್ರೆ ಹಂಡೆ, ಕೊಳದಪ್ಪಲೆ ಎಲ್ಲಾ ತುಂಬಿಸಿಡ್ತಿದ್ವಿ. ಆ ನೀರಲ್ಲಿ ತೊಗರಿಬೇಳೆ ಎಷ್ಟು ಬೇಗ ಬೇಯ್ತಿತ್ತು ಗೊತ್ತಾ?”